ಮನೆ ಡಾಕ್ಟರ ಖರ್ಚಿಗೆ ಲೆಕ್ಕ ಹಿಡಿಯುವ ಬಗೆ

ಬರಲಿರುವ ಸರ್ವಸದಸ್ಯರ ಸಭೆಯ ವಿಷಯಪಟ್ಟಿಯಲ್ಲಿ ಎಂಟನೆಯದಾಗಿ ಸೇರಿರುವ ಸಲಹೆಯ ಬಗ್ಗೆ ಸದಸ್ಯ ಬಂಧುಗಳಲ್ಲಿ ಈಗಾಗಲೇ ಸಾಕಷ್ಟು ಮಾತು ನಡೆದಿದೆ. ಸಂಘದ ವ್ಯಾಪ್ತಿಯ ಪ್ರತಿ ಕುಟುಂಬವೂ ವರ್ಷಕ್ಕೆ ಇಂತಿಷ್ಟು ಎಂದು ಹಣ ಕಟ್ಟುವುದು. ಸಂಘವು ಸದಸ್ಯ ಕಲ್ಯಾಣ ನಿಧಿಯಿಂದ ಅದಕ್ಕೆ ಸ್ವಲ್ಪ ಕೂಡಿಸುವುದು. ಆ ಮೊತ್ತದಲ್ಲಿ ಒಬ್ಬ ಎಂ.ಬಿ.ಬಿ.ಎಸ್. ವೈದ್ಯರನ್ನು ಗೊತ್ತುಮಾಡಿ ಮನೆಮನೆಯ ಕಡತವನ್ನು ಅವರ ವಶಕ್ಕೆ ಒಪ್ಪಿಸುವುದು. ಪೇಟೆಯ ದೊಡ್ಡಾಸ್ಪತ್ರೆಗೆ ಹೋಗಬೇಕಾದಾಗ ಅವರ ಪತ್ರ ಹಿಡಿದು ಹೋಗುವುದು, ಬಂದ ಮೇಲೆ ಅಲ್ಲಿಯ ಕಾಗದಪತ್ರಗಳನ್ನು ಅವರಿಗೆ ತಂದು ಒಪ್ಪಿಸುವುದು. ಸಲಹೆ ಇಷ್ಟೇ.

ಪರವಾಗಿರುವವರು "ಆಸ್ಪತ್ರೆ ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ" ಎನ್ನುತ್ತಿದ್ದಾರೆ. ವಿರೋಧವಾಗಿರುವವರು "ಯಶಸ್ವಿನಿ ಇರುವಾಗ ಇದೊಂದು ದಂಡದ ಖರ್ಚು ಏಕೆ" ಎನ್ನುತ್ತಿದ್ದಾರೆ. ನಾವು ಸಲಹೆಯ ಪರ. ಆದರೆ ಪರವಾದವರು ಕೊಡುತ್ತಿರುವ ಕಾರಣ ಮಾತ್ರ ನಮಗೆ ಒಪ್ಪಿಗೆಯಿಲ್ಲ. ಆ ಕಾರಣ ನಂಬಿ ಸಭೆಯು ಕೈಯೆತ್ತಿದರೆ, ಎರಡನೆಯ ವರ್ಷದ ಆಯವ್ಯಯ ಪತ್ರ ಕಂಡ ಕೂಡಲೇ ಅದೇ ಸಭೆ ಡಾಕ್ಟರನ್ನು ಬೀಳ್ಕೊಟ್ಟೀತು. ಹಾಗಾಗಬಾರದೆಂದು ಈ ನಾಲ್ಕು ಮಾತು.

ಯಶಸ್ವಿನಿಯ ವಿಷಯ ಮೊದಲು ಹೇಳಿಬಿಡೋಣ. 2003ರಲ್ಲಿ ಅದು ಜಾರಿಗೆ ಬಂದಾಗ ತಲೆಗೆ ವರ್ಷಕ್ಕೆ 60 ರೂಪಾಯಿ. ತಿಂಗಳಿಗೆ ಐದೇ ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸಹಕಾರಿ ಸಂಘಗಳ ಮೂಲಕ ಸೇರಿದರು. ರೈತನು ಹೃದಯದ ಶಸ್ತ್ರಚಿಕಿತ್ಸೆಗೆ ತೋಟ ಅಡವಿಡಬೇಕಾಗಿಲ್ಲ ಎಂಬ ಧೈರ್ಯವನ್ನು ಈ ರಾಜ್ಯದಲ್ಲಿ ಮೊದಲು ಕೊಟ್ಟದ್ದು ಅದೇ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನ ಮಾಡಿದಾಗ ಸಹಕಾರಿಗಳೆಲ್ಲ ಕೂಗೆಬ್ಬಿಸಿದ್ದೂ, 2022ರಲ್ಲಿ ಅದು ಮತ್ತೆ ಬಂದದ್ದೂ ಸದಸ್ಯರಿಗೆ ತಿಳಿದದ್ದೇ. ಆ ಯೋಜನೆಯನ್ನು ಹಗುರವಾಗಿ ಕಾಣುವ ಮಾತು ನಮ್ಮಿಂದ ಬಾರದು.

ಆದರೆ ಯಶಸ್ವಿನಿಯ ಕಣ್ಣು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ. ಆ ಮೇಜಿನವರೆಗೆ ರೋಗಿ ಯಾವ ದಾರಿಯಲ್ಲಿ ಬಂದ, ಬರುವ ಅಗತ್ಯ ಇತ್ತೇ, ಎರಡು ವರ್ಷ ಮುಂಚೆ ಯಾರಾದರೂ ಒಬ್ಬರು ಅವನ ರಕ್ತದೊತ್ತಡ ನೋಡಿದ್ದರೆ ಬರುವುದೇ ತಪ್ಪುತ್ತಿತ್ತೇ ಎಂಬುದು ಅದರ ಪುಸ್ತಕದಲ್ಲಿ ಬರುವುದಿಲ್ಲ. ನಮ್ಮ ಮನೆಗಳ ಖರ್ಚು ಇರುವುದು ಹೆಚ್ಚಾಗಿ ಆ ದಾರಿಯಲ್ಲೇ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಹಳ್ಳಿಯವರೊಬ್ಬರು ಹೆರಿಗೆ ಬಿಟ್ಟು ಬೇರೆ ಕಾರಣಕ್ಕೆ ಸರ್ಕಾರಿ ಆಸ್ಪತ್ರೆಗೆ ದಾಖಲಾದರೆ ಕೈಯಿಂದ ಹೋದದ್ದು ಸರಾಸರಿ 4,290 ರೂಪಾಯಿ. ಖಾಸಗಿಗೆ ದಾಖಲಾದರೆ 27,347 ರೂಪಾಯಿ. ಇದು ದೇಶದ ಸರಾಸರಿ, ಅದೂ ಔಷಧೋಪಚಾರದ ಲೆಕ್ಕ ಮಾತ್ರ. ಘಟ್ಟದ ಮೇಲಿನ ಹಳ್ಳಿಯಿಂದ ಮಂಗಳೂರಿಗೋ ಶಿವಮೊಗ್ಗಕ್ಕೋ ಬಾಡಿಗೆ ಕಾರು ಮಾಡಿಕೊಂಡು, ಜೊತೆಗೆ ಇಬ್ಬರನ್ನು ಕರೆದುಕೊಂಡು, ಕೊಯ್ಲಿನ ಕಾಲದಲ್ಲಿ ಮೂರು ದಿನ ತೋಟ ಬಿಟ್ಟು ಹೋದ ನಷ್ಟ ಅದರಲ್ಲಿ ಇಲ್ಲ. ಹಣ್ಣಾದ ಕಾಫಿ ಗಿಡದ ಮೇಲೆ ಕಾಯುವುದಿಲ್ಲ. ಸುಲಿಯುವವರು ಬಂದು ಕೂತಾಗ ಮನೆಯ ಯಜಮಾನ ಇಲ್ಲದಿದ್ದರೆ ಅಡಕೆಯ ಗತಿ ಏನೆಂದು ವಿವರಿಸಬೇಕಾಗಿಲ್ಲ.

ನಮ್ಮ ಮನೆಯ ಹಿರಿಯರೊಬ್ಬರನ್ನೇ ತೆಗೆದುಕೊಳ್ಳಿ. ಎದೆಯುರಿಗೆ ಒಬ್ಬ ತಜ್ಞರು, ಸಕ್ಕರೆಗೆ ಇನ್ನೊಬ್ಬರು, ಮಂಡಿನೋವಿಗೆ ಮತ್ತೊಬ್ಬರು. ಒಂದು ಆಸ್ಪತ್ರೆಯಲ್ಲಿ ಮಾಡಿಸಿದ ಸ್ಕ್ಯಾನಿಂಗನ್ನು ಹದಿನೈದು ದಿನದೊಳಗೆ ಇನ್ನೊಂದು ಆಸ್ಪತ್ರೆಯವರು ಒಪ್ಪದೆ ಹೊಸದಾಗಿ ಮಾಡಿಸಿದರು. ಕೊನೆಗೆ ಪರಿಚಯದ ಔಷಧ ಅಂಗಡಿಯವರೇ ಕಂಡುಹಿಡಿದದ್ದು: ಅವರು ನುಂಗುತ್ತಿದ್ದ ಏಳು ಮಾತ್ರೆಗಳಲ್ಲಿ ಎರಡು ಒಂದೇ ಔಷಧ, ಹೆಸರು ಮಾತ್ರ ಬೇರೆ. ಮೂವರು ತಜ್ಞರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಮೂರೂ ಚೀಟಿಗಳನ್ನು ಒಂದೇ ಮೇಜಿನ ಮೇಲಿಟ್ಟು ನೋಡುವವರು ಇರಲಿಲ್ಲ. ಈ ಕೆಲಸಕ್ಕೆ ಹಿಂದೆ ನಮ್ಮ ಕಡೆ ಎಲ್.ಎಂ.ಪಿ. ಡಾಕ್ಟರುಗಳಿದ್ದರು. ಅಜ್ಜನ ಉಬ್ಬಸ, ಮೊಮ್ಮಗನ ಕಿವಿನೋವು, ಸೊಸೆಯ ರಕ್ತಹೀನತೆ ಎಲ್ಲ ಅವರ ತಲೆಯಲ್ಲೇ ಇರುತ್ತಿತ್ತು. ಅವರು ಹೋದರು, ಜೊತೆಗೆ ಕಡತವೂ ಹೋಯಿತು. ಅದು ಅವರ ತಲೆಯಲ್ಲೇ ಇತ್ತಲ್ಲ.

ಹಾಗಾದರೆ ಅಂಥ ಒಬ್ಬರನ್ನು ಮತ್ತೆ ತಂದರೆ ಎಷ್ಟು ಉಳಿಯುತ್ತದೆ? ಇಲ್ಲಿ ಬೆಳೆಗಾರನಿಗೆ ಅರ್ಥವಾಗುವ ಒಂದು ತೊಡಕಿದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದನ್ನು ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ರೂಢಿಗೆ ತಂದು ನೂರು ವರ್ಷ ಮೀರಿತು. ಮೈಲುತುತ್ತ, ಸುಣ್ಣ, ಮರ ಹತ್ತುವವನ ಕೂಲಿ, ಇವುಗಳ ಖರ್ಚು ಕಣ್ಣಿಗೆ ಕಾಣುತ್ತದೆ. ಲಾಭವೋ, ಉದುರದೆ ಉಳಿದ ಅಡಕೆ. ಉದುರದ ಅಡಕೆಯನ್ನು ಎಣಿಸುವುದು ಹೇಗೆ? ಹೋದ ವರ್ಷ ಹೊಡೆಯಲಿಲ್ಲ, ಅರ್ಧ ಉದುರಿತು. ಈ ವರ್ಷ ಹೊಡೆದೆ, ಉದುರಲಿಲ್ಲ ಎಂದರೆ ಸಾಲದು. ಈ ವರ್ಷ ಮಳೆಯೇ ಕಡಿಮೆ ಇದ್ದಿರಬಹುದು. ಬೇಲಿಯಾಚೆ ಹೊಡೆಯದೆ ಬಿಟ್ಟ ತೋಟವನ್ನೂ ಇದೇ ವರ್ಷ ನೋಡಿದರೆ ಮಾತ್ರ ಬೋರ್ಡೋ ಮಾಡಿದ್ದೆಷ್ಟು, ಮೋಡ ಮಾಡಿದ್ದೆಷ್ಟು ಎಂದು ತಿಳಿಯುತ್ತದೆ.

ಇದೇ ತೊಡಕಿಗೆ ಸಿಕ್ಕಿದ ಒಂದು ಪ್ರಸಿದ್ಧ ಪ್ರಯೋಗ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕ್ಯಾಮ್ಡೆನ್ ಎಂಬ ಬಡ ಊರಿನಲ್ಲಿ ನಡೆಯಿತು. ಅಲ್ಲಿಯ ಜೆಫ್ರಿ ಬ್ರೆನ್ನರ್ ಎಂಬ ಕುಟುಂಬ ವೈದ್ಯರು ಆಸ್ಪತ್ರೆಗಳ ಬಿಲ್ಲುಗಳನ್ನು ಕೂಡಿಹಾಕಿ ನೋಡಿದರು. ಕೆಲವೇ ಕೆಲವು ರೋಗಿಗಳು ಮತ್ತೆ ಮತ್ತೆ ದಾಖಲಾಗುತ್ತ ಖರ್ಚಿನ ಬಹುಪಾಲನ್ನು ನುಂಗುತ್ತಿದ್ದರು. ಅವರು ಅಂಥವರನ್ನೇ ಆರಿಸಿ ದಾದಿ, ಸಮಾಜಸೇವಕ, ವೈದ್ಯ ಎಂದು ಒಂದು ತಂಡ ಕಟ್ಟಿ ಮನೆಗೇ ಹೋಗಿ ನೋಡಿಕೊಳ್ಳತೊಡಗಿದರು. ಮೊದಲ 36 ರೋಗಿಗಳ ಆಸ್ಪತ್ರೆ ಭೇಟಿ ಶೇ. 40ರಷ್ಟು, ಬಿಲ್ಲು ಶೇ. 56ರಷ್ಟು ಇಳಿಯಿತು. 2011ರಲ್ಲಿ ಈ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ದೇಶದ ತುಂಬ ಅದೇ ಮಾತು. ನಮ್ಮ ಸದಸ್ಯರು ಹೇಳುವ "ಅರ್ಧಕ್ಕರ್ಧ" ಎಂಬುದೂ ಇಂಥ ಮೂಲಗಳಿಂದಲೇ ಇಳಿದು ಬಂದಿರಬೇಕು.

ಬ್ರೆನ್ನರ್ ಅವರ ಸಂಸ್ಥೆ ಇಲ್ಲಿಗೆ ನಿಲ್ಲಿಸಲಿಲ್ಲ, ಅದು ಅದರ ದೊಡ್ಡತನ. ಸರಿಯಾದ ಪರೀಕ್ಷೆ ಮಾಡಿ ನೋಡಿ ಎಂದು ಹೊರಗಿನ ಅರ್ಥಶಾಸ್ತ್ರಜ್ಞರನ್ನು ಒಳಗೆ ಬಿಟ್ಟಿತು. ಅವರು 800 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ತಂಡವನ್ನು ಕಳುಹಿಸಿದರು, ಇನ್ನೊಂದನ್ನು ಎಂದಿನಂತೆ ಬಿಟ್ಟರು. ಫಲಿತಾಂಶ 2020ರ ಜನವರಿಯಲ್ಲಿ ಪ್ರಕಟವಾಯಿತು. ಆರು ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರಿದವರು ತಂಡ ನೋಡಿಕೊಂಡವರಲ್ಲಿ ಶೇ. 62.3, ನೋಡಿಕೊಳ್ಳದವರಲ್ಲಿ ಶೇ. 61.7. ವ್ಯತ್ಯಾಸವೇ ಇಲ್ಲ! ತಂಡ ನೋಡಿಕೊಂಡವರ ಹಿಂದಿನ ಆರು ತಿಂಗಳಿಗೂ ಮುಂದಿನ ಆರು ತಿಂಗಳಿಗೂ ಹೋಲಿಸಿದ್ದರೆ ದೊಡ್ಡ ಇಳಿತ ಕಾಣುತ್ತಿತ್ತು. ಆದರೆ ಅಷ್ಟೇ ಇಳಿತ ಯಾರೂ ನೋಡಿಕೊಳ್ಳದವರಲ್ಲೂ ಆಗಿತ್ತು.

ಇದು ಹೇಗಾಯಿತೆಂದು ಪೇಟೆಯವರಿಗೆ ಹೇಳುವುದು ಕಷ್ಟ, ಅರೇಬಿಕಾ ಬೆಳೆದವರಿಗೆ ಸುಲಭ. ಒಂದು ವರ್ಷ ಕೊಂಬೆ ಬಾಗುವಷ್ಟು ಹಿಡಿದ ಗಿಡ ಮರುವರ್ಷ ತಾನಾಗಿಯೇ ಕಡಿಮೆ ಹಿಡಿಯುತ್ತದೆ. ಹೆಚ್ಚು ಹಿಡಿದ ಗಿಡಗಳನ್ನೇ ಆರಿಸಿ ಅವುಗಳ ಬುಡಕ್ಕೆ ಬೂದಿ ಹಾಕಿ, ಮರುವರ್ಷ "ಬೂದಿಯಿಂದ ಫಸಲು ಇಳಿಯಿತು" ಎಂದರೆ ನಾವು ನಗುತ್ತೇವೆ. ಅತಿ ಹೆಚ್ಚು ಖರ್ಚಾದ ವರ್ಷದಲ್ಲಿ ರೋಗಿಯನ್ನು ಹಿಡಿದುಕೊಂಡು ಮರುವರ್ಷ ಖರ್ಚು ಇಳಿಯಿತೆಂದು ಡಾಕ್ಟರಿಗೆ ಹಾರ ಹಾಕುವುದೂ ಅದೇ ಜಾತಿಯ ಲೆಕ್ಕ. ಕಷ್ಟದ ವರ್ಷ ಕಳೆದ ಮೇಲೆ ಕೆಲವರು ಚೇತರಿಸಿಕೊಳ್ಳುತ್ತಾರೆ, ಕೆಲವರು ತೀರಿಕೊಳ್ಳುತ್ತಾರೆ. ಖರ್ಚು ಎರಡರಲ್ಲೂ ಇಳಿಯುತ್ತದೆ.

ಕ್ಯಾಮ್ಡೆನ್ನಿನ ಫಲಿತಾಂಶದಿಂದ ಮನೆ ಡಾಕ್ಟರೇ ಬೇಡವೆಂದು ಹೇಳಲು ಬಾರದು. ಅಲ್ಲಿ ಬಂದ ತಂಡ ಹೊಸದು, ರೋಗಿಗಳೋ ಆಗಲೇ ತೀರ ಹದಗೆಟ್ಟವರು, ನೋಡಿದ್ದು ಆರು ತಿಂಗಳು. ಕಾಂಡಕೊರಕ ಹುಳ ಕಾಂಡ ಕೊರೆದ ಮೇಲೆ ಬಂದು ಗಿಡ ಉಳಿಸಲಿಲ್ಲವೆಂದು ಯಾರನ್ನೂ ಬೈಯಬಾರದು. ಇನ್ನೊಂದು ಪ್ರಯೋಗವನ್ನು ಅಮೆರಿಕದ ಮೆಡಿಕೇರ್‌ನವರೇ 2012ರಿಂದ 2016ರ ತನಕ ನಡೆಸಿದರು. ಏಳು ಪ್ರದೇಶಗಳ ಸುಮಾರು 500 ಕುಟುಂಬ ವೈದ್ಯರ ಚಿಕಿತ್ಸಾಲಯಗಳಿಗೆ ರೋಗಿಗಳ ಮೇಲೆ ನಿಗಾ ಇಡುವುದಕ್ಕೆಂದೇ ತಿಂಗಳ ಹಣ ಹೆಚ್ಚಾಗಿ ಕೊಟ್ಟರು. ತುರ್ತು ಚಿಕಿತ್ಸಾ ವಿಭಾಗಕ್ಕೆ ಓಡುವುದು ಸ್ವಲ್ಪ ತಗ್ಗಿತು. ಆದರೆ ಕೊಟ್ಟ ನಿಗಾ ಹಣ ಹುಟ್ಟುವಷ್ಟು ಉಳಿತಾಯ ಆಗಲಿಲ್ಲ. ಸಂಘದ ಸಭೆಯಲ್ಲಿ ಯಾರಾದರೂ ಈ ಎರಡು ಉದಾಹರಣೆ ಎತ್ತಿದರೆ ಉತ್ತರ ಕೊಡಲಾಗದೆ ಕೂರಬಾರದೆಂದು ನಾವೇ ಮೊದಲು ಹೇಳಿಬಿಡುತ್ತಿದ್ದೇವೆ.

ಇನ್ನೊಂದು ಕಡೆ ನಾರ್ವೆ ಇದೆ. ಅಲ್ಲಿ 2001ರಿಂದ ಪ್ರತಿಯೊಬ್ಬ ಪ್ರಜೆಯ ಹೆಸರೂ ಒಬ್ಬ ನಿಗದಿತ ವೈದ್ಯರ ಪಟ್ಟಿಯಲ್ಲಿರುವ ಏರ್ಪಾಡಿದೆ. ಸುಮಾರು 45 ಲಕ್ಷ ಜನರ ದಾಖಲೆ ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ವೈದ್ಯರ ಬಳಿ 15 ವರ್ಷಕ್ಕೂ ಹೆಚ್ಚು ಕಾಲ ಇದ್ದವರಿಗೂ ಒಂದೇ ವರ್ಷ ಇದ್ದವರಿಗೂ ಹೋಲಿಸಿದರೆ, ತುರ್ತಾಗಿ ಆಸ್ಪತ್ರೆ ಸೇರುವ ಸಂಭವ ಶೇ. 28ರಷ್ಟು ಕಡಿಮೆ, ಸಾವಿನ ಸಂಭವ ಶೇ. 25ರಷ್ಟು ಕಡಿಮೆ. ಇದರಲ್ಲೂ ಒಂದು ಎಚ್ಚರ ಬೇಕು. ಒಂದೇ ಊರಲ್ಲಿ ನೆಲೆಯಾಗಿ ನಿಂತವರು ಬೇರೆ ಕಾರಣಗಳಿಗಾಗಿಯೂ ಗಟ್ಟಿಯಾಗಿರಬಹುದು. ಚೀಟಿ ಎತ್ತಿ ಮಾಡಿದ ಪರೀಕ್ಷೆ ಇದಲ್ಲ. ಹಾಗಿದ್ದರೂ ವರ್ಷ ಹೆಚ್ಚಿದಂತೆ ವ್ಯತ್ಯಾಸವೂ ಮೆಟ್ಟಿಲುಮೆಟ್ಟಿಲಾಗಿ ಹೆಚ್ಚಿರುವುದನ್ನು ಕಡೆಗಣಿಸುವಂತಿಲ್ಲ. ತೆಂಗು ಅಡಕೆ ಸಸಿ ನೆಟ್ಟು ಕಾದು ಕೂತವರಿಗೆ ಹದಿನೈದು ವರ್ಷ ಎಂದರೆ ಭಯವಾಗಬೇಕಾಗಿಲ್ಲ.

ಆದ್ದರಿಂದ ನಾವು ಸದಸ್ಯರಿಗೆ ಸ್ಪಷ್ಟವಾಗಿ ಹೇಳುವುದು: ಮೊದಲ ವರ್ಷ, ಪ್ರಾಯಶಃ ಎರಡನೆಯ ವರ್ಷವೂ, ಖರ್ಚು ಏರುತ್ತದೆ. ಡಾಕ್ಟರು ಕೆಲಸಗಳ್ಳರಲ್ಲದಿದ್ದರೆ ಏರಲೇಬೇಕು. ಇಂದು ತಮಗೆ ಸಕ್ಕರೆಯಿದೆ, ಒತ್ತಡವಿದೆ ಎಂದು ತಿಳಿಯದೆ ಓಡಾಡುತ್ತಿರುವವರು ನಮ್ಮಲ್ಲಿ ಎಷ್ಟೋ ಮಂದಿ. ಅವರನ್ನೆಲ್ಲ ಪತ್ತೆಹಚ್ಚಿದರೆ ಮಾತ್ರೆಯ ಖರ್ಚು ಶುರುವಾಗುತ್ತದೆ. ತಪ್ಪುವ ಪಾರ್ಶ್ವವಾಯು, ತಪ್ಪುವ ಡಯಾಲಿಸಿಸ್ ಹತ್ತು ವರ್ಷದಾಚೆಯದು. ಈ ವರ್ಷದ ಲೆಕ್ಕಪುಸ್ತಕದಲ್ಲಿ ಎಡಗಡೆ ಮಾತ್ರ ತುಂಬುತ್ತದೆ. ಅದನ್ನು ನೋಡಿ ಯಾರೂ ಗಾಬರಿಯಾಗಬಾರದು.

ಲೆಕ್ಕ ಯಾರ ಕಿಸೆಯದು ಎಂಬುದೂ ಮುಖ್ಯ. ಅಮೆರಿಕದವರು ಅಳೆದದ್ದು ಹಣ ಕೊಡುವ ಸಂಸ್ಥೆಗೆ ಎಷ್ಟು ಉಳಿಯಿತೆಂದು. ನಮ್ಮಲ್ಲಿ ಹಣ ಕೊಡುವವನು ಬೆಳೆಗಾರ. ಯಶಸ್ವಿನಿಗೆ ಒಂದು ಪೈಸೆ ಉಳಿಯದಿದ್ದರೂ, ಎರಡನೆಯ ಸ್ಕ್ಯಾನಿಂಗ್ ತಪ್ಪಿದರೆ, ಬಾಡಿಗೆ ಕಾರು ಮೂರು ಸಲದ ಬದಲು ಒಂದು ಸಲ ಹೋದರೆ, ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ಕೊಳ್ಳುವುದು ನಿಂತರೆ, ಉಳಿದದ್ದು ನಮ್ಮ ಮನೆಯದು. ಹಾಗಾಗಿ ಅಳೆಯಬೇಕಾದ್ದು ಮನೆಯ ಒಟ್ಟು ಖರ್ಚನ್ನು. ಒಂದು ಉದಾಹರಣೆಗೆ, 400 ಮನೆ, ಮನೆಗೆ ವರ್ಷಕ್ಕೆ 1,200 ರೂಪಾಯಿ ಎಂದಿಟ್ಟುಕೊಳ್ಳೋಣ. 4 ಲಕ್ಷ 80 ಸಾವಿರ ಆಯಿತು. ಮನೆಯೊಂದಕ್ಕೆ ತಿಂಗಳಿಗೆ ನೂರು ರೂಪಾಯಿ. ಪೇಟೆಗೆ ಹೋಗಿ ಬರುವ ಒಂದು ಅನಗತ್ಯ ಪ್ರಯಾಣ ತಪ್ಪಿದರೆ ಆ ಮನೆಯ ಮಟ್ಟಿಗೆ ವರ್ಷದ ವಂತಿಗೆ ಹುಟ್ಟಿದಂತೆಯೇ. ತಪ್ಪುತ್ತದೆಯೇ ಎಂಬುದು ಪ್ರಶ್ನೆ.

ಡಾಕ್ಟರಿಗೆ ಹಣ ಕೊಡುವ ರೀತಿಯ ಬಗ್ಗೆ ಎರಡು ಮಾತು. ಕೊಯ್ಲಿನವರಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟರೆ ಹಸಿರುಕಾಯಿಯೂ ಬುಟ್ಟಿಗೆ ಬೀಳುತ್ತದೆ. ದಿನಗೂಲಿ ಕೊಟ್ಟರೆ ಬುಟ್ಟಿ ತುಂಬುವುದೇ ಇಲ್ಲ. ವೈದ್ಯರೂ ಮನುಷ್ಯರೇ. ಬಂದಷ್ಟು ಸಲಕ್ಕೆ ಫೀಜು ಎಂದರೆ ಮತ್ತೆ ಮತ್ತೆ ಬರಹೇಳುತ್ತಾರೆ. ತಲೆಗಿಷ್ಟು ಎಂದು ವರ್ಷಕ್ಕೊಮ್ಮೆ ಕೊಟ್ಟರೆ ಸ್ವಲ್ಪ ತೊಡಕಾದ ರೋಗಿಯನ್ನೆಲ್ಲ ಪತ್ರ ಬರೆದು ದೊಡ್ಡಾಸ್ಪತ್ರೆಗೆ ಸಾಗಹಾಕುವ ಆಸೆ ಹುಟ್ಟುತ್ತದೆ. ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಕುಟುಂಬ ವೈದ್ಯರಿಗೆ ಪಟ್ಟಿಯಲ್ಲಿರುವ ತಲೆ ಲೆಕ್ಕದಲ್ಲಿ ಕೊಟ್ಟರು. ಡೆನ್ಮಾರ್ಕಿನವರು ತಲೆ ಲೆಕ್ಕವನ್ನೂ ಭೇಟಿ ಲೆಕ್ಕವನ್ನೂ ಬೆರೆಸಿ ಕೊಡುತ್ತಾರೆ. ಬೆರಕೆಯೇ ನಮಗೂ ಸರಿಯೆಂದು ತೋರುತ್ತದೆ: ಮುಖ್ಯ ಹಣ ಮನೆ ಲೆಕ್ಕದಲ್ಲಿ, ಮನೆಗೇ ಬಂದು ನೋಡಿದಾಗ ಮಾತ್ರ ಬೇರೆ. ಔಷಧ ಮಾರಾಟವನ್ನೂ ರಕ್ತಪರೀಕ್ಷೆಯನ್ನೂ ಡಾಕ್ಟರ ಕೈಗೆ ಕೊಡಕೂಡದು. ಇದರಲ್ಲಿ ಆಡಳಿತ ಮಂಡಳಿ ರಾಜಿಯಾಗಬಾರದೆಂದು ನಮ್ಮ ಬಿನ್ನಹ.

ಊರು ಬಲ್ಲ ಡಾಕ್ಟರ ಬೆಲೆ ರೂಪಾಯಿಯಲ್ಲಿ ಬರೆಯಲಾಗದ ಸಂದರ್ಭವೂ ನಮ್ಮ ಸೀಮೆಯಲ್ಲೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಚಳಿಗಾಲ ಮುಗಿಯುವ ಹೊತ್ತಿಗೆ ಮಲೆನಾಡಿಗೆ ಬರುತ್ತಲೇ ಇದೆ. ಅದಕ್ಕೆಂದೇ ಔಷಧವಿಲ್ಲ, ಬೇಗ ಗುರುತಿಸಿ, ರಕ್ತ ಪರೀಕ್ಷೆಗೆ ಕಳುಹಿಸಿ, ರಕ್ತಸ್ರಾವವಾಗದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಜ್ವರ, ತಲೆನೋವು, ಮೈಕೈ ಸೆಳೆತ ಎಂದು ಬಂದವನನ್ನು ಪೇಟೆಯಲ್ಲಿ ಕೂತವರು ಮೂರು ದಿನ ಸಾದಾ ಜ್ವರವೆಂದೇ ನೋಡಬಹುದು. ಯಾವ ಹಾಡಿಯಲ್ಲಿ ಮಂಗ ಸತ್ತಿದೆ, ಯಾರು ದರಕು ತರಲು ಯಾವ ಕಾಡಿಗೆ ಹೋಗಿದ್ದರು ಎಂದು ಬಲ್ಲವರು ಮೊದಲ ದಿನವೇ ಕೇಳುತ್ತಾರೆ. ಮಲೆನಾಡಿನಂಥ ಗುಡ್ಡಗಾಡಿಗೆ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂದು ಸರ್ಕಾರದ ಅಳತೆಯಿದೆ. ಅಲ್ಲಿಯ ವೈದ್ಯರು ಹಗಲೂ ರಾತ್ರಿ ದುಡಿದರೂ ಅಷ್ಟು ಜನರ ಮನೆ ಬಲ್ಲವರಾಗಲು ಸಾಧ್ಯವಿಲ್ಲ. ಬಲ್ಲವರಾಗುವ ಹೊತ್ತಿಗೆ ವರ್ಗವಾಗುತ್ತದೆ. ನಮ್ಮ ಡಾಕ್ಟರು ಆ ಕೇಂದ್ರಕ್ಕೆ ಪ್ರತಿಸ್ಪರ್ಧಿಯಾಗದೆ, ಚುಚ್ಚುಮದ್ದು, ಕ್ಷಯದ ಔಷಧಗಳಿಗೆ ಜನರನ್ನು ಅಲ್ಲಿಗೇ ಕಳುಹಿಸಬೇಕು. ಪುಕ್ಕಟೆ ಸಿಗುವುದನ್ನು ಹಣ ಕೊಟ್ಟು ಕೊಳ್ಳುವ ಜಾಣತನ ಬೇಡ.

ಕೆಲಸದವರ ಕುಟುಂಬಗಳನ್ನು ಸೇರಿಸುವ ಬಗ್ಗೆ ಸಲಹೆಯಲ್ಲಿ ಏನೂ ಹೇಳಿಲ್ಲ. ಸೇರಿಸಬೇಕೆಂದು ನಮ್ಮ ಅಭಿಪ್ರಾಯ. ಸದಸ್ಯನ ಮನೆಗೆ ಕಡತವಿದ್ದು, ಅವನ ತೋಟದಲ್ಲಿ ಮರ ಹತ್ತುವವನಿಗೆ ಕಡತವಿಲ್ಲದಿದ್ದರೆ, ಅವನು ಬಿದ್ದ ದಿನ ಬಾಡಿಗೆ ಕಾರು ಮಾಡುವವರು ಯಾರೆಂದು ಎಲ್ಲರಿಗೂ ಗೊತ್ತು.

ಇನ್ನು ಪರೀಕ್ಷೆಯ ಕ್ರಮ. ಮೊದಲ ವರ್ಷವೇ ಎಲ್ಲ ಊರುಗಳನ್ನು ನೋಡಿಕೊಳ್ಳಲು ಒಬ್ಬ ಡಾಕ್ಟರಿಂದ ಆಗದು. ಆದ್ದರಿಂದ ಸಂಘದ ವ್ಯಾಪ್ತಿಯ ಊರುಗಳ ಹೆಸರು ಬರೆದು ಸಭೆಯಲ್ಲಿಯೇ ಚೀಟಿ ಎತ್ತೋಣ. ಅರ್ಧ ಊರುಗಳು ಈ ವರ್ಷ, ಉಳಿದವು ಎರಡು ವರ್ಷದ ತರುವಾಯ. ಮೊದಲು ಯಾರಿಗೆ ಎಂಬ ಜಗಳವೂ ತಪ್ಪುತ್ತದೆ, ಬೇಲಿಯಾಚೆಯ ತೋಟವೂ ಸಿಗುತ್ತದೆ. ನಿರ್ದೇಶಕರ ಊರಿಗೆ ಮೊದಲು ಎಂಬ ಸೂಚನೆ ಬಾಯಿಮಾತಿನಲ್ಲಿ ಬಂದಿರುವುದನ್ನು ಕೇಳಿದ್ದೇವೆ. ಅದಕ್ಕೆ ಒಪ್ಪಿದರೆ ಲೆಕ್ಕ ಕೆಟ್ಟಂತೆಯೇ, ಏಕೆಂದರೆ ನಿರ್ದೇಶಕರ ಊರುಗಳು ಸಾಮಾನ್ಯವಾಗಿ ಡಾಂಬರು ರಸ್ತೆಯ ಪಕ್ಕದಲ್ಲಿರುತ್ತವೆ. ಡಾಕ್ಟರ ಜೊತೆಗಿನ ಕರಾರು ಐದು ವರ್ಷಕ್ಕೆ ಕಡಿಮೆ ಬೇಡ. ಎರಡನೆಯ ವರ್ಷದ ಅಂಕಿಗಳನ್ನು ಸಭೆಯ ಮುಂದಿಡಬೇಕು, ಆದರೆ ಅವುಗಳ ಮೇಲೆ ಡಾಕ್ಟರನ್ನು ತೆಗೆಯುವ ತೀರ್ಮಾನ ಆಗಕೂಡದು.

ಚೀಟಿ ಬಂದ ಊರಿನವರೂ ಬಾರದ ಊರಿನವರೂ ಲೆಕ್ಕ ಬರೆಯಬೇಕು. ಇದಕ್ಕಾಗಿ ಸಂಘವು ಮುಂದಿನ ಗೊಬ್ಬರದ ಸರಬರಾಜಿನ ಜೊತೆ ಮನೆಗೊಂದು ನಲವತ್ತು ಪುಟದ ಪುಸ್ತಕ ಕೊಡುವ ಏರ್ಪಾಡು ಮಾಡಬಹುದು. ಯಾರಿಗೆ ಕಾಯಿಲೆ, ಎಲ್ಲಿ ತೋರಿಸಿದ್ದು, ಫೀಜು, ಔಷಧ, ಪರೀಕ್ಷೆ, ಪ್ರಯಾಣ, ಎಷ್ಟು ಜನ ಎಷ್ಟು ದಿನ ಕೆಲಸ ಬಿಟ್ಟರು ಎಂದು ಬರೆದರೆ ಸಾಕು. ಕಾಯಿಲೆಯ ಹೆಸರು ಬರೆಯಲು ಸಂಕೋಚವಿದ್ದವರು ಅದನ್ನು ಖಾಲಿ ಬಿಡಲಿ. ಪುಸ್ತಕ ಕಚೇರಿಗೆ ಬಂದಾಗ ಮನೆಯ ಹೆಸರಿನ ಬದಲು ಸಂಖ್ಯೆ ಮಾತ್ರ ಇರುತ್ತದೆ. ಹಳೆಯ ಚೀಟಿ, ಬಿಲ್ಲು, ಎಕ್ಸ್‌ರೇಗಳನ್ನು ದಯವಿಟ್ಟು ಯಾರೂ ಒಲೆಗೆ ಹಾಕಬೇಡಿ. ಬಾಡಿಗೆ ಜೀಪಿನವರು ರಸೀದಿ ಕೊಡುವುದಿಲ್ಲ, ಅದಕ್ಕೆ ಅಂದಾಜು ಬರೆದರೆ ನಡೆಯುತ್ತದೆ.